ಕರೆಂಟಿನ ವಿಚಾರಣೆ ನಮ್ಮ ತಾಲ್ಲೂಕಿಗೂ ಬರಲಿ

ಮಾನ್ಯ ಸಂಪಾದಕರೇ,

ವಿದ್ಯುತ್ ದರದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಓದುಗರ ಪತ್ರಗಳು ಹೆಚ್ಚುಕಮ್ಮಿ ಎಲ್ಲವೂ ಬೆಂಗಳೂರಿನವರದೇ. ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಿಂದಲೂ ಒಂದು ಹೋಗಲಿ ಎಂದು ಬರೆಯುತ್ತಿದ್ದೇನೆ. ನಮ್ಮ ಮಾವನವರು ಹಾಕಿದ ರಾಗಿ ಮಿಷನ್ನನ್ನು ಈಗ ನಾನು ನಡೆಸುತ್ತೇನೆ. ನಮ್ಮ ಮನೆಯ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಅಂದರೆ ಕರೆಂಟು ಹುಟ್ಟುವ ಕಡೆಯೂ ನಾವಿದ್ದೇವೆ, ಅದಕ್ಕೆ ದುಡ್ಡು ಕಟ್ಟುವ ಕಡೆಯೂ ನಾವಿದ್ದೇವೆ. ಹೊಲ ಕೊಡುವಾಗ ಸಹಿ ಕೇಳಿದರು, ಕೊಟ್ಟೆವು. ಬಿಲ್ಲು ಬಂದಾಗ ದುಡ್ಡು ಕೇಳುತ್ತಾರೆ, ಕಟ್ಟುತ್ತೇವೆ. ನಿಮಗೆ ಏನನ್ನಿಸುತ್ತದೆ ಎಂದು ಮಾತ್ರ ಈ ಎರಡು ಕಡೆಯಲ್ಲೂ ಯಾರೂ ಕೇಳಲಿಲ್ಲ. ದರ ಏರಿಸುವಾಗ ಕೇಳಲೇಬೇಕೆಂದು ಕಾನೂನೇ ಇದೆ, ಸೋಲಾರ್ ಪಾರ್ಕಿಗೆ ಹೊಲ ತೆಗೆದುಕೊಳ್ಳುವಾಗ ಕೇಳಬೇಕೆಂಬ ಕಾನೂನು ಇರಬೇಕಿತ್ತು, ಇಲ್ಲ. ನಾನು ಹೇಳಬೇಕಾಗಿರುವುದು ಅಷ್ಟೇ. ಆದರೆ ಅದನ್ನು ಹೇಳಲು ನಮ್ಮ ಊರಿನ ಸಂಗತಿಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಪಾವಗಡದ ಸೋಲಾರ್ ಪಾರ್ಕಿನ ಹೆಸರು ಎಲ್ಲರಿಗೂ ಗೊತ್ತು. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳು ನಿಂತಿವೆ. 2018ರ ಮಾರ್ಚ್ 1ರಂದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಮೊದಲ ಹಂತವನ್ನು ಉದ್ಘಾಟಿಸಿದರು. 2019ರ ಕೊನೆಗೆ ಪೂರ್ತಿ ಆಯಿತು. ಜಮೀನನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡಿತು. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಇದು ಒಳ್ಳೆಯ ಏರ್ಪಾಡು ಎಂದು ನಾನು ಈಗಲೂ ಹೇಳುತ್ತೇನೆ. ಮಳೆ ನೆಚ್ಚಿಕೊಂಡು ಕಡ್ಲೆಕಾಯಿ ಹಾಕಿ, ಬಿತ್ತನೆ ಬೀಜದ ಸಾಲವೂ ತೀರದೆ ಹೊಲದ ಬದುವಿನ ಮೇಲೆ ಕೂತು ನೋಡಿದ ವರ್ಷಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಇವೆ. ಪಹಣಿ ಹೆಸರಲ್ಲೇ ಉಳಿದು ವರ್ಷಕ್ಕಿಷ್ಟು ಎಂದು ಹಣ ಬರುವುದು ನಮ್ಮಂಥ ಮನೆಗಳಿಗೆ ಆಧಾರವಾಗಿದೆ. ನಮ್ಮ ಮಗಳ ನರ್ಸಿಂಗ್ ಫೀಸು ಆ ದುಡ್ಡಿನಿಂದಲೇ ಕಟ್ಟಿದ್ದು.

ಪಹಣಿಯಲ್ಲಿ ಹೆಸರಿಲ್ಲದವರ ಕಥೆ ಬೇರೆ. ಕಡ್ಲೆಕಾಯಿ ಕಳೆ ತೆಗೆಯಲು, ಕೀಳಲು, ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಈಗ ಆ ಕೂಲಿ ಇಲ್ಲ. ಪಾರ್ಕಿನೊಳಗೆ ಹುಲ್ಲು ಕೊಯ್ಯುವುದು, ಫಲಕ ತೊಳೆಯುವುದು, ಕಾವಲು, ಹೀಗೆ ಕೆಲವರಿಗೆ ಕೆಲಸ ಸಿಕ್ಕಿದೆ, ಎಲ್ಲರಿಗೂ ಇಲ್ಲ. ಕುರಿ ಕಾಯುವವರು ಬೇಲಿ ಸುತ್ತಿಕೊಂಡು ದೂರ ಹೋಗಬೇಕು. ಹಲವು ಮನೆಗಳಿಗೆ ಬೀಗ ಬಿದ್ದಿದೆ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಹಬ್ಬಕ್ಕೆ ಬರುತ್ತಾರೆ.

ಇದು ನನ್ನ ಮಿಷನ್‌ಗೆ ಹೇಗೆ ತಟ್ಟಿತು ಎಂದರೆ, ಬೀಸಲು ಕಾಳೇ ಕಡಿಮೆಯಾಯಿತು. ಮೊದಲು ಸುಗ್ಗಿ ಮುಗಿದ ಮೇಲೆ ಮನೆಮನೆಯಿಂದ ರಾಗಿ ಚೀಲ ಬರುತ್ತಿತ್ತು. ಮಿಷನ್ ಮುಂದೆ ಡಬ್ಬಗಳ ಸಾಲು, ಯಾರದು ಮೊದಲು ಎಂದು ಜಗಳ. ರಾಗಿ ಬೆಳೆದವರು ಬೀಸಿಸುತ್ತಿದ್ದರು, ಕೂಲಿಗೆ ರಾಗಿ ಪಡೆದವರೂ ಬೀಸಿಸುತ್ತಿದ್ದರು. ಈಗ ಬೆಳೆಯುವ ಹೊಲ ಕಮ್ಮಿ, ಊರಲ್ಲಿರುವ ಬಾಯಿಗಳೂ ಕಮ್ಮಿ. ಪಡಿತರದ ರಾಗಿ ಸ್ವಲ್ಪ ಬರುತ್ತದೆ. ಯುಗಾದಿಗೆ ಮುಂಚೆ ಖಾರದ ಪುಡಿ, ಹುಳಿಪುಡಿಯ ಕಾಲ, ಆಗ ಎರಡು ತಿಂಗಳು ಕೈತುಂಬ ಕೆಲಸ. ಉಳಿದಂತೆ ಮಧ್ಯಾಹ್ನದ ಹೊತ್ತಿಗೆ ಕಲ್ಲು ನಿಂತಿರುತ್ತದೆ.

ಕಲ್ಲು ನಿಂತರೂ ಬಿಲ್ಲು ನಿಲ್ಲುವುದಿಲ್ಲ. ನನ್ನದು ಸಣ್ಣ ಕೈಗಾರಿಕೆಯ ಸಂಪರ್ಕ. ಮಂಜೂರಾದ ಲೋಡು 15 ಎಚ್‌ಪಿ: ಹಿಟ್ಟಿನ ಕಲ್ಲಿಗೆ 10 ಎಚ್‌ಪಿ ಮೋಟಾರು, ಖಾರದ ಪುಡಿಯ ಮಿಷನ್‌ಗೆ 5 ಎಚ್‌ಪಿ. ನಿಗದಿತ ಶುಲ್ಕ ಬೀಳುವುದು ಈ ಎಚ್‌ಪಿ ಲೆಕ್ಕದ ಮೇಲೆ, ಎಷ್ಟು ಓಡಿಸಿದೆ ಎನ್ನುವುದರ ಮೇಲಲ್ಲ. ಲೋಡು ಇಳಿಸಿಕೊಳ್ಳಿ ಎನ್ನುತ್ತಾರೆ. ಮೋಟಾರು ಅದೇ ಇರುವಾಗ ಲೋಡು ಇಳಿಸುವುದು ಹೇಗೆ? ಸಣ್ಣ ಮೋಟಾರು ಆ ಕಲ್ಲನ್ನು ತಿರುಗಿಸುವುದಿಲ್ಲ. ಹೊಸ ಕಲ್ಲು, ಹೊಸ ಮೋಟಾರು ಹಾಕಿಸುವ ದುಡ್ಡು ಈ ವ್ಯಾಪಾರದಲ್ಲಿ ಹುಟ್ಟುವುದಿಲ್ಲ.

ಇಂಥದ್ದನ್ನು ಹೇಳಿಕೊಳ್ಳಲು ಜಾಗ ಎಲ್ಲಿ ಎಂದು ಹುಡುಕಿದಾಗಲೇ ನಾನು ವಿದ್ಯುತ್ ಕಾಯ್ದೆಯನ್ನು ಓದಿದ್ದು. ಇಂಗ್ಲಿಷ್ ಬರುವ ಮಗಳು ಪಕ್ಕದಲ್ಲಿ ಕೂತು ಓದಿ ಹೇಳಿದಳು. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ, ವಿದ್ಯುತ್ ಕಂಪನಿ ದರ ಪರಿಷ್ಕರಣೆಗೆ ಅರ್ಜಿ ಹಾಕಿದರೆ ಅದರ ಸಾರಾಂಶವನ್ನು ಪ್ರಕಟಿಸಬೇಕು. ಸಾರ್ವಜನಿಕರಿಂದ ಬಂದ ಸಲಹೆ, ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿದ ಮೇಲೆಯೇ ದರ ನಿಗದಿ ಮಾಡುವ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ 120 ದಿನಗಳೊಳಗೆ ಆದೇಶ ಕೊಡಬೇಕು. ಆಯೋಗದ ಕೆಲಸ ಪಾರದರ್ಶಕವಾಗಿರಬೇಕು ಎಂದು 86ನೇ ಸೆಕ್ಷನ್ ಬೇರೆ ಹೇಳುತ್ತದೆ. ಕೇಳಿದಾಗ ಎಷ್ಟು ಚೆನ್ನಾಗಿದೆ ಅನ್ನಿಸಿತು.

ಆದರೆ ನಮಗೆ ಕರೆಂಟು ಕೊಡುವ ಕಂಪನಿ ಬೆಸ್ಕಾಂ ವ್ಯಾಪ್ತಿಯಲ್ಲಿ ಎಂಟು ಜಿಲ್ಲೆಗಳಿವೆ. ಬೆಂಗಳೂರಿನ ನಗರ, ಗ್ರಾಮಾಂತರ ಎರಡನ್ನು ಬಿಟ್ಟರೂ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ, ಚಿತ್ರದುರ್ಗ, ದಾವಣಗೆರೆ ಎಲ್ಲವೂ ಅದರೊಳಗೇ. ಇಷ್ಟೂ ಜನರಿಗೆ ದರದ ಅರ್ಜಿಯ ಬಗ್ಗೆ ಮಾತು ಕೇಳುವ ವಿಚಾರಣೆ ನಡೆಯುವುದು ಬೆಂಗಳೂರಿನ ವಸಂತನಗರದಲ್ಲಿರುವ ಆಯೋಗದ ಕಚೇರಿಯಲ್ಲಿ. ಪಾವಗಡದಿಂದ ಅದು ಸುಮಾರು 150 ಕಿ.ಮೀ. ನಮ್ಮ ಜಿಲ್ಲಾ ಕೇಂದ್ರಕ್ಕೇ ಮಧುಗಿರಿ, ಕೊರಟಗೆರೆ ದಾಟಿ 100 ಕಿ.ಮೀ. ಹೋಗಬೇಕಾದ ತಾಲ್ಲೂಕು ನಮ್ಮದು. ಆಕ್ಷೇಪಣೆ ಸಲ್ಲಿಸಲು ಪ್ರಮಾಣಪತ್ರ ಮಾಡಿಸಬೇಕು, ಹಲವು ಪ್ರತಿ ಕೊಡಬೇಕು, ವಿಚಾರಣೆಯ ದಿನ ಮಿಷನ್ ಮುಚ್ಚಿ ಬೆಳಗಿನ ಜಾವದ ಬಸ್ಸು ಹಿಡಿಯಬೇಕು. ಒಂದು ಮಿಷನ್ ನಡೆಸುವವಳಿಗೆ, ಒಂದು ವೆಲ್ಡಿಂಗ್ ಅಂಗಡಿಯವನಿಗೆ, ಬೋರ್‌ವೆಲ್ ಇಟ್ಟುಕೊಂಡ ರೈತನಿಗೆ ಇದು ಆಗುವ ಮಾತಲ್ಲ.

ಹಾಗಾದರೆ ಅಲ್ಲಿ ಮಾತಾಡುವವರು ಯಾರು? ಎಫ್‌ಕೆಸಿಸಿಐ, ಕಾಸಿಯಾದಂಥ ವ್ಯಾಪಾರಿಗಳ, ಕೈಗಾರಿಕೆಯವರ ಸಂಘಗಳು ಲೆಕ್ಕಪತ್ರ ಬಲ್ಲವರನ್ನು ಕರೆದುಕೊಂಡು ಹೋಗಿ ವಾದ ಮಂಡಿಸುತ್ತವೆ. ಅವರು ಮಾಡುವುದು ತಪ್ಪಲ್ಲ, ಅವರ ವಾದದಿಂದ ಕೆಲವೊಮ್ಮೆ ನಮಗೂ ಅನುಕೂಲವಾಗುತ್ತದೆ. ಆದರೆ ಕಾಳು ಕಡಿಮೆಯಾದ ಊರಿನ ಮಿಷನ್‌ನ ಸಂಗತಿ ಅವರಿಗೆ ಗೊತ್ತಿರಲು ಸಾಧ್ಯವಿಲ್ಲ. ರಾಜ್ಯದ ಬೇರೆ ವಿದ್ಯುತ್ ಕಂಪನಿಗಳಾದ ಮೆಸ್ಕಾಂಗೆ ಮಂಗಳೂರಿನಲ್ಲಿ, ಹೆಸ್ಕಾಂಗೆ ಹುಬ್ಬಳ್ಳಿಯಲ್ಲಿ, ಜೆಸ್ಕಾಂಗೆ ಕಲಬುರಗಿಯಲ್ಲಿ ವಿಚಾರಣೆ ನಡೆಸಿ ಆಯೋಗಕ್ಕೆ ರೂಢಿಯಿದೆ. ಅಂದಮೇಲೆ ತುಮಕೂರಿಗೆ ಒಂದು ದಿನ, ದಾವಣಗೆರೆಗೆ ಒಂದು ದಿನ, ಕೋಲಾರಕ್ಕೆ ಒಂದು ದಿನ ಬರಲು ಅಡ್ಡಿ ಏನು?

2025ರ ಮಾರ್ಚ್‌ನಲ್ಲಿ ಬಂದ ಆದೇಶಗಳನ್ನೇ ನೋಡಿ. ವಿದ್ಯುತ್ ಪ್ರಸರಣ ಮತ್ತು ವಿತರಣಾ ಕಂಪನಿಗಳ ನೌಕರರ ಪಿಂಚಣಿ, ಗ್ರ್ಯಾಚುಟಿ ಸಲುವಾಗಿ ಪ್ರತಿ ಯೂನಿಟ್‌ಗೆ 36 ಪೈಸೆ ವಸೂಲಿ ಏಪ್ರಿಲ್ 1ರಿಂದ ಶುರುವಾಯಿತು. 2026-27ಕ್ಕೆ 35 ಪೈಸೆ, 2027-28ಕ್ಕೆ 34 ಪೈಸೆ ಎಂದು ಮೂರು ವರ್ಷಕ್ಕೂ ಒಟ್ಟಿಗೆ ನಿಗದಿಯಾಗಿದೆ. ಕಂಬ ಹತ್ತುವ ಲೈನ್‌ಮನ್‌ಗೆ ಪಿಂಚಣಿ ಬೇಡ ಎಂದು ನಾನು ಹೇಳುವುದಿಲ್ಲ. ಮಳೆಗಾಲದ ರಾತ್ರಿ ಬಂದು ಫ್ಯೂಸ್ ಹಾಕಿ ಹೋಗುವ ಹುಡುಗರನ್ನು ನಾನು ಬಲ್ಲೆ, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ 1999ರ ವಿದ್ಯುತ್ ಸುಧಾರಣಾ ಕಾಯ್ದೆಯಡಿ ರಾಜ್ಯದ ವಿದ್ಯುತ್ ಮಂಡಳಿಯನ್ನು ಒಡೆದು ಕಂಪನಿ ಮಾಡಿದಾಗ ಆ ನೌಕರರ ಪಿಂಚಣಿಯ ಹೊರೆಯಲ್ಲಿ ಸರ್ಕಾರ ಹೆಗಲು ಕೊಟ್ಟಿತ್ತು. ಆ ಹೆಗಲು ಯಾಕೆ ಸರಿಯಿತು, ಅದು ಯೂನಿಟ್ ಲೆಕ್ಕದಲ್ಲಿ ಗ್ರಾಹಕನ ಮೇಲೆಯೇ ಯಾಕೆ ಬಂತು ಎಂದು ಎದುರಿಗೆ ನಿಂತು ಕೇಳುವ ಅವಕಾಶ ನಮಗೂ ಇರಬೇಕಿತ್ತು. ತಿಂಗಳಿಗೆ 500 ಯೂನಿಟ್ ಓಡಿದರೆ 180 ರೂಪಾಯಿ. ದೊಡ್ಡ ಮೊತ್ತವಲ್ಲ ಅನ್ನಬಹುದು. ಬೀಸುವ ಕೂಲಿಯನ್ನು ಕೆ.ಜಿ.ಗೆ ಒಂದು ರೂಪಾಯಿ ಏರಿಸಿ ನೋಡಿ, ಗಿರಾಕಿ ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಕೊಂಡು ಹೋಗುತ್ತಾಳೆ.

ಅದರ ಮೇಲೆ ರಾಜ್ಯದ ತೆರಿಗೆ. 1959ರ ಕಾಯ್ದೆಯಡಿ ವಿದ್ಯುತ್ ಬಳಕೆಯ ಮೇಲೆ ಹಾಕುವ ಈ ತೆರಿಗೆ 2018ರಲ್ಲಿ ಶೇ 6ರಿಂದ ಶೇ 9ಕ್ಕೆ ಏರಿತು. ದರ ಏರಿದಾಗಲೆಲ್ಲ ತೆರಿಗೆಯ ಮೊತ್ತವೂ ತಾನಾಗಿಯೇ ಏರುತ್ತದೆ. ಇದು ಆಯೋಗದ ಕೈಯಲ್ಲಿಲ್ಲ, ವಿಧಾನಸಭೆಯ ಕೈಯಲ್ಲಿದೆ. ಸಣ್ಣ ಹಿಟ್ಟಿನ ಮಿಷನ್‌ಗಳಿಗೆ ಈ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಸರ್ಕಾರದ ಬೊಕ್ಕಸಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ನಮ್ಮ ಶಾಸಕರು ಈ ಮಾತನ್ನು ಸದನದಲ್ಲಿ ಎತ್ತಬೇಕು.

ಊರಿನ ಮನೆಗಳಲ್ಲಿ ಈ 36 ಪೈಸೆಯ ಮಾತೇ ಇಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಮಿತಿಯೊಳಗೆ, 2022-23ರ ಸರಾಸರಿ ಬಳಕೆ ಮತ್ತು ಅದಕ್ಕೊಂದಿಷ್ಟು ಸೇರಿಸಿ ಉಚಿತ ಬರುವುದರಿಂದ ಹೆಚ್ಚಿನವರ ಬಿಲ್ಲು ಸೊನ್ನೆ. ನಮ್ಮ ಮನೆಗೂ ಅದರ ಉಪಕಾರ ಇದೆ, ಅದನ್ನು ಮರೆಮಾಚುವುದಿಲ್ಲ. ಸೊನ್ನೆ ಇರುವ ಕಾಗದವನ್ನು ಯಾರು ಓದುತ್ತಾರೆ? ಆದರೆ ಆ ಸೊನ್ನೆಯ ಹಿಂದಿರುವ ಹಣವನ್ನು ಸರ್ಕಾರ ವಿದ್ಯುತ್ ಕಂಪನಿಗೆ ಕಟ್ಟಬೇಕು. ಮುಂಗಡವಾಗಿ ಕಟ್ಟಬೇಕು ಎಂದು ಅದೇ 2003ರ ಕಾಯ್ದೆಯ 65ನೇ ಸೆಕ್ಷನ್ ಹೇಳುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೂ ಇದೇ ನಿಯಮ. ತಡವಾದರೆ ಕಂಪನಿ ಸಾಲ ತಂದು ನಡೆಸಬೇಕಾಗುತ್ತದೆ. ಆ ಸಾಲದ ಬಡ್ಡಿ ಯಾರ ತಲೆಗೆ ಎಂದು ವಿಚಾರಣೆಯಲ್ಲಿ ಕೇಳಬೇಕಾದವರು ದುಡ್ಡು ಕಟ್ಟುವ ನಮ್ಮಂಥವರು. ಸರ್ಕಾರ ಎಷ್ಟು ಕೊಟ್ಟಿತು, ಯಾವ ತಿಂಗಳದ್ದು ಬಾಕಿ ಎನ್ನುವುದು ಬಿಲ್ಲಿನ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚಾಗಿ ಬರಬೇಕು.

ಇನ್ನೊಂದು ನಿಯಮ ನಮಗೆ ನಿಜವಾಗಿ ಅನುಕೂಲವಾಗುವಂಥದ್ದು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಹಗಲಿನಲ್ಲಿ ಸೌರ ವಿದ್ಯುತ್ ಹೇರಳವಾಗಿ ಸಿಗುವ ಎಂಟು ಗಂಟೆಗಳ ಅವಧಿಗೆ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ದರ ಇರಬೇಕು. ಕೃಷಿ ಬಿಟ್ಟು ಉಳಿದ ಗ್ರಾಹಕರಿಗೆ 2025ರ ಏಪ್ರಿಲ್ 1ರೊಳಗೆ ಬರಬೇಕು ಎಂದು ಅದರಲ್ಲಿದೆ. ರಾಗಿ ಮಿಷನ್ ಓಡುವುದೇ ಹಗಲು. ಬಿಸಿಲಿರುವ ಹೊತ್ತಿಗೆ, ಮೂರ್ನಾಲ್ಕು ಮೈಲಿಯಲ್ಲಿ ಫಲಕಗಳು ಕಾಯುತ್ತಿರುವ ಹೊತ್ತಿಗೆ ನನ್ನ ಕಲ್ಲು ತಿರುಗುತ್ತದೆ. ಆದರೆ ಈ ದರ ಸಿಗುವುದು ಸ್ಮಾರ್ಟ್ ಮೀಟರ್ ಇದ್ದವರಿಗೆ. ನನ್ನ ಹಳೇ ಮೀಟರಿಗೆ ಹಗಲು ಯಾವುದು, ರಾತ್ರಿ ಯಾವುದು ತಿಳಿಯುವುದಿಲ್ಲ. ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಸಿಂಗಲ್ ಫೇಸಿನದಕ್ಕೇ 5,000 ರೂಪಾಯಿ ಹತ್ತಿರ ಬೆಲೆ ಎಂದು ಗಲಾಟೆಯಾದದ್ದು ಎಲ್ಲರಿಗೂ ನೆನಪಿದೆ. ಮೂರು ಫೇಸಿನದು ಇನ್ನೂ ದುಬಾರಿ. ಸಣ್ಣ ಮಿಷನ್‌ಗಳಿಗೆ ಮೀಟರಿನ ಬೆಲೆಯನ್ನು ಕಂತಿನಲ್ಲಿ ಹಿಡಿದುಕೊಂಡು ಹಗಲಿನ ದರ ಕೊಡಿ ಎಂದು ನಾನು ಆಯೋಗದ ಮುಂದೆ ಕೇಳಬೇಕೆಂದಿದ್ದೇನೆ. ಈ ಪಾರ್ಕಿನ ಹರಾಜಿನಲ್ಲಿ ಯೂನಿಟ್‌ಗೆ ಮೂರು ರೂಪಾಯಿಗಿಂತ ಕಡಿಮೆ ದರ ಬಂದದ್ದೂ ಉಂಟು. ತಂತಿಯ ಖರ್ಚು, ಸೋರಿಕೆ, ರಾತ್ರಿಯ ಕರೆಂಟಿನ ಖರ್ಚು ಎಲ್ಲ ಸೇರಬೇಕು ಎನ್ನುವುದು ನನಗೂ ಗೊತ್ತು. ಆದರೂ ಹಗಲಿನ ದರದಲ್ಲಿ ಅದರ ಒಂದು ಪಾಲು ನಮಗೆ ಕಾಣಬೇಕು.

ದರದ ಮಾತು ಇಲ್ಲಿಗೆ ಬಿಟ್ಟು ಪರಿಸರ ಕಾನೂನಿಗೆ ಬರುತ್ತೇನೆ. ನನಗೆ ಹೆಚ್ಚು ಸಂಕಟ ಇರುವುದು ಇದರಲ್ಲೇ.

2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆಯಡಿ ದೊಡ್ಡ ಗಣಿ, ದೊಡ್ಡ ಉಷ್ಣ ವಿದ್ಯುತ್ ಸ್ಥಾವರ, ಅಣೆಕಟ್ಟು ಇಂಥವಕ್ಕೆ ಊರಿನಲ್ಲೇ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಯೋಜನೆಯ ಜಾಗದಲ್ಲಿ ಅಥವಾ ಅದರ ಹತ್ತಿರದಲ್ಲಿ, ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ತಿಳಿಸಿ, ಸಾರಾಂಶವನ್ನು ಜನರ ಭಾಷೆಯಲ್ಲಿ ಕೊಟ್ಟು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿಯ ಅಧ್ಯಕ್ಷತೆಯಲ್ಲಿ ನಡೆಸಬೇಕು. ಪೂರ್ತಿ ವಿಡಿಯೊ ಆಗಬೇಕು. ಕೊನೆಗೆ ಯಾರು ಏನು ಹೇಳಿದರು ಎನ್ನುವುದನ್ನು ಅಲ್ಲೇ ಅದೇ ಭಾಷೆಯಲ್ಲಿ ಓದಿ ಹೇಳಬೇಕು. ಎಷ್ಟು ಅಚ್ಚುಕಟ್ಟಾದ ಪದ್ಧತಿ ನೋಡಿ. ಆದರೆ ಸೌರ ವಿದ್ಯುತ್ ಫಲಕಗಳ ಯೋಜನೆಗೆ ಈ ಅಧಿಸೂಚನೆ ಅನ್ವಯಿಸುವುದಿಲ್ಲ. ಮಾಲಿನ್ಯ ನಿಯಂತ್ರಣದ ಪಟ್ಟಿಯಲ್ಲೂ ಅದು ಮಾಲಿನ್ಯ ತೀರಾ ಕಡಿಮೆ ಎನ್ನುವ ಬಿಳಿ ವರ್ಗದಲ್ಲಿದೆ. ಹೊಗೆ ಇಲ್ಲ, ಬೂದಿ ಇಲ್ಲ, ಹಾಗಾಗಿ ವಿನಾಯಿತಿ ಎನ್ನುವುದು ಒಂದು ಮಟ್ಟಿಗೆ ಸರಿಯೇ. ಮನೆಯ ಚಾವಣಿಯ ಮೇಲೆ, ಹತ್ತು ಎಕರೆಯಲ್ಲಿ ಹಾಕುವವರಿಗೆ ಆ ತಾಪತ್ರಯ ಬೇಡ. ಆದರೆ 13,000 ಎಕರೆಗೂ ಅದೇ ವಿನಾಯಿತಿ ಎಂದರೆ ಹೇಗೆ? ಐದು ಊರಿನ ಹೊಲ, ಕುರಿ ಮೇಯುವ ಜಾಗ, ಹಳ್ಳದ ದಾರಿ, ಹುಣಸೆ ಮರಗಳ ಸಾಲು ಒಟ್ಟಿಗೆ ಬದಲಾಗುವಾಗ ಊರಿನ ಮಾತು ಕೇಳುವ ಕಡ್ಡಾಯ ಕಾನೂನಿನಲ್ಲಿ ಇಲ್ಲ.

ಫಲಕ ಬಂದ ಮೇಲೆ ಬೇಸಿಗೆಯಲ್ಲಿ ಸೆಕೆ ಜಾಸ್ತಿಯಾಗಿದೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಹೌದೋ ಅಲ್ಲವೋ ಅಳೆದು ನೋಡಬೇಕಾದ ಮಾತು ಅದು. ಫಲಕ ತೊಳೆಯುವ ನೀರಿನ ಮಾತೂ ಹಾಗೆಯೇ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್, ಕುಡಿಯುವ ನೀರಿಗೆ ಶುದ್ಧೀಕರಣ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುವ ಊರುಗಳು ನಮ್ಮವು. ಅಂತರ್ಜಲಕ್ಕೆ ರಾಜ್ಯದ್ದೇ 2011ರ ಕಾಯ್ದೆ ಇದೆ. ಪಾರ್ಕಿನ ಒಳಗೆ ಎಷ್ಟು ನೀರು, ಎಲ್ಲಿಂದ ಎನ್ನುವ ಲೆಕ್ಕವನ್ನು ಪ್ರತಿ ಬೇಸಿಗೆಯಲ್ಲಿ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಬರೆಯಲಿ. ಇವೆಲ್ಲ ಮೊದಲೇ ಒಂದು ಸಭೆಯಲ್ಲಿ ಬಂದು, ಉತ್ತರ ಬರವಣಿಗೆಯಲ್ಲಿ ಸಿಕ್ಕಿದ್ದರೆ ಇವತ್ತು ಅನುಮಾನದ ಮಾತು ಇರುತ್ತಿರಲಿಲ್ಲ. ಕೂಲಿ ಹೋದ ಹೆಂಗಸರಿಗೆ ಪಾರ್ಕಿನ ಕೆಲಸದಲ್ಲಿ ಇಷ್ಟು ಪಾಲು ಎಂದು ಷರತ್ತನ್ನೇ ಹಾಕಬಹುದಿತ್ತು. ಪಹಣಿ ಇರುವವರು ಗುತ್ತಿಗೆ ಕರಾರಿನಲ್ಲಿ ತಮ್ಮ ಹಿತ ನೋಡಿಕೊಂಡರು, ನಾವೂ ನೋಡಿಕೊಂಡೆವು. ಕರಾರಿನಲ್ಲಿ ಇಲ್ಲದವರ ಪರವಾಗಿ ಮಾತಾಡಲು ಇರುವ ಜಾಗವೇ ಅಹವಾಲು ಸಭೆ.

ಈಗ ಇದನ್ನು ಎತ್ತಲು ಕಾರಣವಿದೆ. ಪಾರ್ಕನ್ನು ಇನ್ನಷ್ಟು ವಿಸ್ತರಿಸುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಕುಸುಮ್-ಸಿ ಯೋಜನೆಯ ಸೌರ ಘಟಕ ಉದ್ಘಾಟನೆಯಾಯಿತು. ಪಂಪ್‌ಸೆಟ್‌ಗಳಿಗೆ ಹಗಲು ಹೊತ್ತು ಕರೆಂಟು ಕೊಡುವ ಅಂಥ ಸಣ್ಣ ಘಟಕಗಳು ಎಲ್ಲ ಕಡೆ ಬರಲಿವೆ, ಬರಲಿ, ರಾತ್ರಿ ಹಾವು ಚೇಳಿನ ನಡುವೆ ನೀರು ಕಟ್ಟಲು ಹೋಗುವುದು ತಪ್ಪಲಿ. ಸಾವಿರಗಟ್ಟಲೆ ಎಕರೆಯ ಪಾರ್ಕಿಗೆ ಮಾತ್ರ ಬೇರೆ ನಿಯಮ ಬೇಕು. ಕೇಂದ್ರ ವಿನಾಯಿತಿ ಕೊಟ್ಟಿದ್ದರೂ ರಾಜ್ಯ ತನ್ನ ನವೀಕರಿಸಬಹುದಾದ ಇಂಧನ ನೀತಿಯಲ್ಲಿ ಒಂದು ಷರತ್ತು ಸೇರಿಸಬಹುದು: ಇಂತಿಷ್ಟು ಎಕರೆಗಿಂತ ದೊಡ್ಡ ಪಾರ್ಕಿಗೆ ಜಮೀನು ಗುತ್ತಿಗೆ ಮಾಡಿಕೊಳ್ಳುವ ಮುನ್ನ ಆಯಾ ಪಂಚಾಯಿತಿಯ ಗ್ರಾಮಸಭೆ ಮತ್ತು ಜಿಲ್ಲಾಧಿಕಾರಿ ಸಮ್ಮುಖದ ಅಹವಾಲು ಸಭೆ ಕಡ್ಡಾಯ. ಸಭೆಯಲ್ಲಿ ಬಂದ ಪ್ರತಿ ಪ್ರಶ್ನೆಗೂ ಬರವಣಿಗೆಯಲ್ಲಿ ಉತ್ತರ ಕಡ್ಡಾಯ. ಸೌರ ವಿದ್ಯುತ್ತಿಗೆ ಇದರಿಂದ ತಡೆಯಾಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ನಮ್ಮ ಊರು ಸೌರ ವಿದ್ಯುತ್ತಿಗೆ ಹೊಲ ಕೊಟ್ಟ ಊರು, ತಡೆದ ಊರಲ್ಲ.

ಆಯೋಗಕ್ಕೆ ನನ್ನ ಮನವಿ ಇನ್ನೂ ಸರಳ. ಬೆಸ್ಕಾಂನ ಮುಂದಿನ ದರ ಅರ್ಜಿಯ ವಿಚಾರಣೆಯ ಒಂದು ದಿನ ತುಮಕೂರಿನಲ್ಲಿ ನಡೆಯಲಿ. ಸಾಧ್ಯವಾದರೆ ಅರ್ಧ ದಿನ ಪಾವಗಡದಲ್ಲಿ, ತಾಲ್ಲೂಕು ಪಂಚಾಯಿತಿಯ ಸಭಾಂಗಣದಲ್ಲೇ ಆಗಲಿ. ಸೂಚನೆಯನ್ನು ಬರಿಯ ಪತ್ರಿಕೆಯಲ್ಲಿ ಅಲ್ಲ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ, ಹಾಲಿನ ಡೇರಿಯ ಮುಂದೆ ಕನ್ನಡದಲ್ಲಿ ಅಂಟಿಸಲಿ. ಸಂತೆಯ ದಿನ ಬೇಡ. ಒಂದು ಹಾಳೆಯ ಆಕ್ಷೇಪಣೆಗೆ ಪ್ರಮಾಣಪತ್ರ ಕೇಳದೆ, ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಬರೆದು ಸಹಿ ಮಾಡಿದರೆ ಸಾಕು ಎನ್ನಲಿ. ಮಿಷನ್ ಇಟ್ಟುಕೊಂಡ ಸುತ್ತಮುತ್ತಲಿನ ಊರಿನವರೊಡನೆ ನಾನು ಈಗಾಗಲೇ ಮಾತಾಡಿದ್ದೇನೆ. ಹಳೆಯ ಬಿಲ್ಲುಗಳನ್ನೂ ಮೀಟರ್ ಓಡಿದ ಲೆಕ್ಕವನ್ನೂ ತೆಗೆದುಕೊಂಡು ಬರಲು ಅವರು ಒಪ್ಪಿದ್ದಾರೆ.

ಇತಿ,
ರಾಗಿ ಮಿಷನ್ ನಡೆಸುವ ಓದುಗಿ,
ನಾಗಲಮಡಿಕೆ ಹೋಬಳಿ, ಪಾವಗಡ ತಾಲ್ಲೂಕು,
ತುಮಕೂರು ಜಿಲ್ಲೆ